ಚರ್ಟ್ ಅಪಘಾತವನ್ನು ನಾನು ಪಾಠವಾಗಿ ಕಟ್ಟಿದ ಬಗೆ

1932ರ ಜುಲೈ 27ರಂದು ಇಂಗ್ಲೆಂಡಿನ ಸರ್ರೆ ಪ್ರಾಂತದ ಚರ್ಟ್ ಎಂಬ ಹಳ್ಳಿಯ ಬಳಿ ಒಂದು ಡಿ ಹ್ಯಾವಿಲ್ಯಾಂಡ್ ಪಸ್ ಮಾತ್ ವಿಮಾನ ಹಾರುತ್ತಿರುವಾಗಲೇ ಒಡೆದು ನೆಲಕ್ಕೆ ಬಿತ್ತು. ಅದರಲ್ಲಿದ್ದ ಎಮಿಲಿ ಬಾಸಮ್, ಆಕೆಯ ಹಿರಿಯ ಮಗ ಬ್ರೂಸ್ ಮತ್ತು ಅವರೊಂದಿಗಿದ್ದ ಜರ್ಮನಿಯ ಕೌಂಟ್ ಓಟೋ ಎರ್ಬಾಖ್, ಮೂವರೂ ಸತ್ತರು. ಎಮಿಲಿಯವರ ಪತಿ ಆಲ್ಫ್ರೆಡ್ ಬಾಸಮ್ ಅಮೆರಿಕದಲ್ಲಿ ವಾಸ್ತುಶಿಲ್ಪಿಯಾಗಿ ಹೆಸರು ಮಾಡಿ, ಬ್ರಿಟನ್ನಿಗೆ ಮರಳಿ, ಹಿಂದಿನ ವರ್ಷವಷ್ಟೇ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದವರು. ಒಂದೇ ದಿನ ಅವರು ಹೆಂಡತಿಯನ್ನೂ ಹಿರಿಯ ಮಗನನ್ನೂ ಕಳೆದುಕೊಂಡರು. ಈ ಅಪಘಾತವನ್ನೂ, ಇದರ ಹಿಂದೆ ಮುಂದೆ ಅದೇ ಬಗೆಯ ವಿಮಾನಗಳಿಗೆ ಆದ ಇತರ ಅಪಘಾತಗಳನ್ನೂ ವಿಮಾನ ನಿರ್ವಹಣೆ ಕಲಿಯುವ ವಿದ್ಯಾರ್ಥಿಗಳಿಗೆ ನಾನು ಹಲವು ವರ್ಷಗಳಿಂದ ಒಂದು ಪೂರ್ಣ ಪಾಠವಾಗಿ ಹೇಳುತ್ತ ಬಂದಿದ್ದೇನೆ. ಆ ಪಾಠವನ್ನು ಹೇಗೆ ಕಟ್ಟಿದೆ, ಹ್ಯಾಂಗರಿನಲ್ಲಿ ಏನನ್ನು ಮಾಡಿ ತೋರಿಸಿದೆ, ಅದರಿಂದ ನನ್ನ ತಪಾಸಣೆಯ ಕ್ರಮ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವೃತ್ತಿಯಿಂದ ವಿಮಾನ ನಿರ್ವಹಣಾ ಎಂಜಿನಿಯರ್. ಕೆಲಸದ ಬಹುಪಾಲು ವರ್ಷಗಳನ್ನು ಬೆಂಗಳೂರಿನಲ್ಲಿ, ಹಾರಾಟ ಕಲಿಸುವ ಸಣ್ಣ ವಿಮಾನಗಳ ಹ್ಯಾಂಗರುಗಳಲ್ಲಿ ಕಳೆದಿದ್ದೇನೆ. ಎಚ್‌ಎಎಲ್ ಸಂಸ್ಥೆ ತಯಾರಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನ ಮತ್ತು ಗ್ಲೈಡರ್ ಎಳೆಯಲು ಬಳಸುವ ಪೈಪರ್ ಸೂಪರ್ ಕಬ್ ವಿಮಾನ, ಇವೆರಡರ ಮೇಲೂ ಕೆಲಸ ಮಾಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಇವುಗಳ ರೆಕ್ಕೆ ಪೈಲಟ್‌ನ ತಲೆಯ ಮೇಲಿರುತ್ತದೆ, ಬಟ್ಟೆ ಹೊದಿಸಿ, ಅದನ್ನು ಬಿಗಿಗೊಳಿಸುವ ಡೋಪ್ ಎಂಬ ಲೇಪ ಬಳಿದಿರುತ್ತದೆ, ಮತ್ತು ಆ ರೆಕ್ಕೆ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ವಿಮಾನದ ಒಡಲಿನ ಕೆಳಬದಿಯಿಂದ ರೆಕ್ಕೆಯ ನಡುಭಾಗಕ್ಕೆ ಓರೆಯಾಗಿ ಏರುವ ಎರಡು ಲೋಹದ ಕೊಳವೆಗಳು, ಒಂದು ಮುಂದಿನ ಸ್ಪಾರ್‌ಗೆ (ರೆಕ್ಕೆಯ ಒಳಗೆ ಅದರ ಉದ್ದಕ್ಕೂ ಹಾಯುವ ತೊಲೆಗೆ) ಮತ್ತೊಂದು ಹಿಂದಿನ ಸ್ಪಾರ್‌ಗೆ ಸೇರಿಕೊಂಡು, ಅದನ್ನು ಹಿಡಿದಿರುತ್ತವೆ. ನಾವು ಅವುಗಳನ್ನು ಸ್ಟ್ರಟ್ ಎನ್ನುತ್ತೇವೆ. ಪಸ್ ಮಾತ್ ವಿಮಾನದ ರೆಕ್ಕೆಯೂ ಹೀಗೆಯೇ ಇತ್ತು. ಆದ್ದರಿಂದ ಚರ್ಟ್‌ನಲ್ಲಿ ಆದದ್ದು ನನ್ನ ಮಟ್ಟಿಗೆ ದೂರದ ಹಳೆಯ ಕಥೆಯಲ್ಲ. ನಾನು ದಿನವೂ ಕೈಯಾಡಿಸುವ ಭಾಗದ ಕಥೆ.

ಪಾಠ ಕಟ್ಟಲು ಕುಳಿತಾಗ ಮೊದಲು ಆ ಕಾಲವನ್ನು ಅರ್ಥ ಮಾಡಿಕೊಳ್ಳಬೇಕಾಯಿತು. ಖಾಸಗಿ ಜನ ತಮ್ಮ ಸಂತೋಷಕ್ಕಾಗಿ, ತಮ್ಮ ಓಡಾಟಕ್ಕಾಗಿ ವಿಮಾನ ಹಾರಿಸುವ ಅಭ್ಯಾಸ ಬ್ರಿಟನ್ನಿನಲ್ಲಿ ನಿಜವಾಗಿ ಬೇರೂರಿದ್ದು 1925ರಲ್ಲಿ ಡಿ ಹ್ಯಾವಿಲ್ಯಾಂಡ್ ಕಂಪನಿಯ ಮಾತ್ ಎಂಬ, ಒಂದರ ಮೇಲೊಂದು ಎರಡು ರೆಕ್ಕೆಗಳಿರುವ ತೆರೆದ ವಿಮಾನ ಬಂದ ಮೇಲೆ. ಅದೇ ವರ್ಷ ಸರ್ಕಾರದ ನೆರವಿನಿಂದ ಹಗುರ ವಿಮಾನಗಳ ಕ್ಲಬ್ಬುಗಳು ಹುಟ್ಟಿಕೊಂಡವು. ತೆರೆದ ಕಾಕ್‌ಪಿಟ್‌ನಲ್ಲಿ ಚರ್ಮದ ಟೋಪಿ, ಕನ್ನಡಕ ಹಾಕಿಕೊಂಡು ಗಾಳಿ ಹೊಡೆಸಿಕೊಳ್ಳುವ ಕಷ್ಟ ಬೇಡವೆಂದವರಿಗಾಗಿ ಕಂಪನಿ 1929ರ ಸೆಪ್ಟೆಂಬರ್‌ನಲ್ಲಿ ಪಸ್ ಮಾತ್ ಅನ್ನು ಹಾರಿಸಿತು. ಮುಚ್ಚಿದ ಕ್ಯಾಬಿನ್, ಎರಡು ಅಥವಾ ಮೂರು ಆಸನ, ತಲೆಕೆಳಗಾಗಿ ಕೂರಿಸಿದ ಜಿಪ್ಸಿ ಎಂಜಿನ್, ಗ್ಯಾರೇಜಿನಲ್ಲಿ ನಿಲ್ಲಿಸಲು ಹಿಂದಕ್ಕೆ ಮಡಚಬಹುದಾದ ರೆಕ್ಕೆ, ಗಂಟೆಗೆ ಸುಮಾರು 200 ಕಿ.ಮೀ. ಗರಿಷ್ಠ ವೇಗ. 1933ರವರೆಗೆ ಇಂಗ್ಲೆಂಡ್ ಮತ್ತು ಕೆನಡಾದಲ್ಲಿ ಸೇರಿ 284 ವಿಮಾನಗಳು ತಯಾರಾದವು. ಜಿಮ್ ಮಾಲಿಸನ್ 1932ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಾಗರವನ್ನು ಪೂರ್ವದಿಂದ ಪಶ್ಚಿಮಕ್ಕೆ ಒಬ್ಬನೇ ದಾಟಿದ್ದು ಇದರಲ್ಲೇ. ಅಂದರೆ ಚರ್ಟ್ ಅಪಘಾತವಾಗಿ ಒಂದು ತಿಂಗಳೂ ತುಂಬಿರಲಿಲ್ಲ. ಒಂದೇ ಮಾದರಿಯ ವಿಮಾನ ಒಂದು ವಾರ ಸಾಗರ ದಾಟಿ ಪತ್ರಿಕೆಗಳ ಮುಖಪುಟ ತುಂಬುವುದು, ಇನ್ನೊಂದು ವಾರ ಹೊಲಗಳ ಮೇಲೆ ಚೂರಾಗಿ ಬೀಳುವುದು, ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡದೆ ಆ ಅಪಘಾತಗಳು ಅರ್ಥವಾಗುವುದಿಲ್ಲ ಎಂದು ನನಗೆ ಅನ್ನಿಸಿತು. ವಿಮಾನ ದುರ್ಬಲವಾಗಿದೆ ಎಂದು ಹೇಳಲು ಆಗ ಯಾರಿಗೂ ಸುಲಭವಾಗಿರಲಿಲ್ಲ, ಏಕೆಂದರೆ ಅದು ತಾಳಿಕೊಂಡ ಪ್ರಯಾಣಗಳು ಎಲ್ಲರ ಕಣ್ಣ ಮುಂದಿದ್ದವು.

ಎರಡನೆಯ ಕೆಲಸ ಪಟ್ಟಿ ಮಾಡುವುದು. ಪಸ್ ಮಾತ್‌ಗಳು ಗಾಳಿಯಲ್ಲೇ ಒಡೆದ ಸಂದರ್ಭಗಳನ್ನು ನಾನು ಒಂದು ದೊಡ್ಡ ಹಾಳೆಯಲ್ಲಿ ಕಾಲಕ್ರಮದಲ್ಲಿ ಬರೆದೆ. 1930ರ ಅಕ್ಟೋಬರ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಂದು. 1931ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಡ್ರೇಕೆನ್ಸ್‌ಬರ್ಗ್ ಬೆಟ್ಟಗಳಲ್ಲಿ ಇನ್ನೊಂದು. ಅದರಲ್ಲಿ ಸತ್ತ ಗ್ಲೆನ್ ಕಿಡ್‌ಸ್ಟನ್ ಹಿಂದಿನ ವರ್ಷ ಲ ಮಾನ್ಸ್ ಕಾರು ಪಂದ್ಯ ಗೆದ್ದವನು, ಕೆಲವೇ ವಾರಗಳ ಹಿಂದೆ ಇಂಗ್ಲೆಂಡಿನಿಂದ ಕೇಪ್ ಟೌನ್‌ಗೆ ಆರೂವರೆ ದಿನಗಳಲ್ಲಿ ಹಾರಿ ಬಂದವನು. ಅಲ್ಲಿ ಎರವಲು ಪಡೆದ ಪಸ್ ಮಾತ್‌ನಲ್ಲಿ ಗೆಳೆಯ ಕ್ಯಾಪ್ಟನ್ ಗ್ಲ್ಯಾಡ್‌ಸ್ಟನ್ ಜೊತೆ ಹೋಗುತ್ತಿದ್ದಾಗ ಧೂಳಿನ ಬಿರುಗಾಳಿಯಲ್ಲಿ ವಿಮಾನ ಒಡೆಯಿತು. 1932ರ ಜುಲೈನಲ್ಲಿ ಚರ್ಟ್. ಅದೇ ವರ್ಷ ಸೆಪ್ಟೆಂಬರ್ 18ರಂದು ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಬೈರನ್ ಬೇ ಬಳಿ ಮತ್ತೊಂದು. ಅದರಲ್ಲಿ ಪ್ರಯಾಣಿಕನಾಗಿ ಕುಳಿತಿದ್ದ ಲೆಸ್ ಹೋಲ್ಡನ್ ಮೊದಲ ಮಹಾಯುದ್ಧದ ಹೆಸರಾಂತ ಪೈಲಟ್, 1929ರಲ್ಲಿ ಆಸ್ಟ್ರೇಲಿಯಾದ ವಾಯವ್ಯ ಭಾಗದ ಜೌಗಿನಲ್ಲಿ ಸಿಕ್ಕಿಬಿದ್ದಿದ್ದ ಹೆಸರಾಂತ ಪೈಲಟ್ ಕಿಂಗ್ಸ್‌ಫರ್ಡ್ ಸ್ಮಿತ್‌ನ ತಂಡವನ್ನು ಹುಡುಕಿ ಕಂಡವನು. ಇಷ್ಟೇ ಅಲ್ಲ, ಇನ್ನೂ ಇವೆ. ಆದರೆ ಪಾಠಕ್ಕೆ ಈ ನಾಲ್ಕು ಸಾಕು.

ಈ ಹಾಳೆಯನ್ನು ಗೋಡೆಗೆ ಅಂಟಿಸಿ ವಿದ್ಯಾರ್ಥಿಗಳಿಗೆ ನಾನು ಕೇಳುವ ಮೊದಲ ಪ್ರಶ್ನೆ, ಇವುಗಳಲ್ಲಿ ಸಮಾನವಾದದ್ದು ಯಾವುದು ಎಂಬುದು. ಖಂಡ ಬೇರೆ, ಹವೆ ಬೇರೆ, ಪೈಲಟ್‌ನ ಅನುಭವ ಬೇರೆ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಒಂದು ಸುಲಭದ ಕಾರಣ ಸಿಗುತ್ತದೆ: ಬೆಟ್ಟದ ಮೇಲಿನ ಬಿರುಗಾಳಿ, ಮೋಡ, ಪೈಲಟ್‌ನ ಅತಿಯಾದ ಆತ್ಮವಿಶ್ವಾಸ. ನಾಲ್ಕನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಆ ಸುಲಭದ ಕಾರಣಗಳು ಒಂದೊಂದಾಗಿ ಬಿದ್ದುಹೋಗಿ, ಎಲ್ಲದರಲ್ಲೂ ಉಳಿಯುವುದು ಅದೇ ರೆಕ್ಕೆ, ಅದೇ ಸ್ಟ್ರಟ್. ಕಿಡ್‌ಸ್ಟನ್, ಹೋಲ್ಡನ್ ಅಂಥವರ ಹೆಸರುಗಳು ಪಟ್ಟಿಯಲ್ಲಿರುವುದರಿಂದ ನನಗೆ ಆದ ಇನ್ನೊಂದು ಪ್ರಯೋಜನವೆಂದರೆ, ಅನುಭವವಿಲ್ಲದವರಷ್ಟೇ ಹೀಗೆ ಸಾಯುತ್ತಾರೆ ಎಂಬ ಭಾವನೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹೋಲ್ಡನ್ ಅಂದು ವಿಮಾನ ಹಾರಿಸುತ್ತಲೂ ಇರಲಿಲ್ಲ.

ಬರ್ಟ್ ಹಿಂಕ್ಲರ್‌ನ ಸಾವನ್ನು ಮಾತ್ರ ನಾನು ಬೇಕೆಂದೇ ಆ ಹಾಳೆಯಿಂದ ಹೊರಗಿಟ್ಟಿದ್ದೇನೆ. 1931ರಲ್ಲಿ ಇದೇ ಪಸ್ ಮಾತ್‌ನಲ್ಲಿ ದಕ್ಷಿಣ ಅಟ್ಲಾಂಟಿಕ್ ಅನ್ನು ಒಬ್ಬನೇ ದಾಟಿದ್ದ ಹಿಂಕ್ಲರ್ 1933ರ ಜನವರಿ 7ರಂದು ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದತ್ತ ಹೊರಟು ಇಟಲಿಯ ಪ್ರಾಟೊಮಾಗ್ನೊ ಬೆಟ್ಟಗಳಲ್ಲಿ ಬಿದ್ದ. ಏಪ್ರಿಲ್ ಕೊನೆಯಲ್ಲಿ ಶವ ಸಿಕ್ಕಿತು. ಫ್ಲಾರೆನ್ಸ್‌ನಲ್ಲಿ ಸೈನಿಕ ಗೌರವಗಳೊಂದಿಗೆ ಮಣ್ಣು ಮಾಡಿದರು. ರೆಕ್ಕೆ ಮುರಿಯಿತೇ, ಬೆಟ್ಟಕ್ಕೆ ತಾಗಿತೇ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಅದೇ ಮಾದರಿಯ ವಿಮಾನವೆಂಬ ಒಂದೇ ಕಾರಣಕ್ಕೆ ಅದನ್ನೂ ಪಟ್ಟಿಗೆ ಸೇರಿಸಿದರೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ತನಿಖೆಯ ಶಿಸ್ತು ಅಂದರೆ ಏನನ್ನು ಬಿಡಬೇಕು ಎಂದು ತಿಳಿಯುವುದೂ ಹೌದು ಎಂದು ನಾನು ಈ ಹಂತದಲ್ಲಿ ಹೇಳುತ್ತೇನೆ.

ಮೂರನೆಯದಾಗಿ, ಮುರಿದ ಭಾಗವನ್ನು ಓದುವುದು. ಗಾಳಿಯಲ್ಲೇ ಒಡೆದ ವಿಮಾನದ ರೆಕ್ಕೆ ಮತ್ತು ಒಡಲು ಒಂದೇ ಕಡೆ ಬೀಳುವುದಿಲ್ಲ. ಹಗುರವಾದ ತುಂಡುಗಳು ಗಾಳಿ ಬೀಸುವ ದಿಕ್ಕಿಗೆ ತೇಲಿಹೋಗಿ ಬಹಳ ದೂರ ಚದುರುತ್ತವೆ, ಎಂಜಿನ್ ನೆಟ್ಟಗೆ ಬೀಳುತ್ತದೆ. ಆದ್ದರಿಂದ ತುಂಡುಗಳ ನಕ್ಷೆಯೇ ಮೊದಲ ಸಾಕ್ಷಿ. ಆಮೇಲೆ ಪ್ರತಿ ತುಂಡಿನ ತುದಿ. ಎಳೆತದಿಂದ ಹರಿದ ಉಕ್ಕಿನ ಕೊಳವೆ ಮುರಿದಲ್ಲಿ ಸ್ವಲ್ಪ ಸಣಕಲಾಗಿರುತ್ತದೆ. ಒತ್ತಡದಿಂದ ಸೋತ ಕೊಳವೆ ನಡುವಿನಲ್ಲಿ ಬಾಗಿ, ಒಳಬದಿಯಲ್ಲಿ ಸುಕ್ಕುಗಟ್ಟಿ ಚಪ್ಪಟೆಯಾಗಿರುತ್ತದೆ. ಮರದ ಸ್ಪಾರ್ ಎಳೆತದಿಂದ ಮುರಿದರೆ ಉದ್ದುದ್ದ ಸಿಬಿರುಗಳೇಳುತ್ತವೆ. ಒತ್ತಡದಿಂದ ಮುರಿದರೆ ಎಳೆಗಳಿಗೆ ಅಡ್ಡಲಾಗಿ ಗಿಡ್ಡನೆಯ ಮಡಿಕೆ ಕಾಣುತ್ತದೆ. ಹ್ಯಾಂಗರಿನ ಮೂಲೆಯಲ್ಲಿ ಬಿದ್ದಿರುವ, ಬಳಕೆಯಿಂದ ತೆಗೆದ ಕೊಳವೆಗಳನ್ನೂ ಸ್ಪ್ರೂಸ್ ಮರದ ತುಂಡುಗಳನ್ನೂ ವೈಸ್‌ಗೆ ಹಾಕಿ ನಾನು ಎರಡೂ ಬಗೆಯಲ್ಲಿ ಮುರಿಸುತ್ತೇನೆ. ಯಾವ ತುಂಡು ಹೇಗೆ ಮುರಿಯಿತು ಎಂದು ಬೇರೆ ಗುಂಪಿನವರು ಮುಟ್ಟಿ ನೋಡಿ ಹೇಳಬೇಕು. ಒಂದು ಸಂಜೆಯಲ್ಲಿ ಕಲಿಯಬಹುದಾದ ವಿದ್ಯೆ ಇದು, ಆದರೆ ಕೈಯಿಂದ ಮಾಡದೆ ಬಾರದು.

ಇಲ್ಲಿಂದ ಮುಂದೆ ಪಾಠದ ಗಟ್ಟಿ ಭಾಗ ಶುರುವಾಗುತ್ತದೆ. ತಲೆಯ ಮೇಲೆ ರೆಕ್ಕೆಯಿರುವ ವಿಮಾನದಲ್ಲಿ ಸ್ಟ್ರಟ್‌ನ ಕೆಲಸವೇನು ಎಂದು ಕೇಳಿದರೆ, ರೆಕ್ಕೆ ಮೇಲಕ್ಕೆ ಹೋಗದಂತೆ ಕೆಳಗೆ ಎಳೆದು ಹಿಡಿಯುವುದು ಎಂದು ಎಲ್ಲರೂ ಹೇಳುತ್ತಾರೆ. ಸಾಮಾನ್ಯ ಹಾರಾಟದಲ್ಲಿ ಇದು ಸರಿಯಾದ ಉತ್ತರ. ನೆಲದ ಮೇಲೆ ನಿಂತಾಗ ರೆಕ್ಕೆಯ ತೂಕ ಸ್ಟ್ರಟ್ ಅನ್ನು ಸ್ವಲ್ಪ ಒತ್ತುತ್ತದೆ. ಹಾರತೊಡಗಿದ ಕೂಡಲೇ ಆ ಒತ್ತಡ ಹೋಗಿ ಎಳೆತ ಬರುತ್ತದೆ. ಉಕ್ಕು ಎಳೆತವನ್ನು ಧಾರಾಳವಾಗಿ ತಾಳುವುದರಿಂದ ಇಂಥ ಸ್ಟ್ರಟ್ ಅನ್ನು ತೆಳ್ಳಗೆ, ಗಾಳಿ ಸೀಳುವ ಆಕಾರದಲ್ಲಿ ಮಾಡಬಹುದು. ತೆಳ್ಳಗಿದ್ದಷ್ಟೂ ವೇಗ ಹೆಚ್ಚು. ಆದರೆ ವೇಗ ಏರಿದಂತೆ ರೆಕ್ಕೆಯ ಮೇಲಿನ ಬಲ ಹಂಚಿಕೆಯಾಗುವ ರೀತಿ ಬದಲಾಗುತ್ತದೆ. ಬೆನ್ನು ಉಬ್ಬಿದ ರೆಕ್ಕೆಗೆ ತನ್ನ ಮೂಗನ್ನು ಕೆಳಕ್ಕೆ ತಿರುಚಿಕೊಳ್ಳುವ ಸ್ವಭಾವ ಇದ್ದೇ ಇರುತ್ತದೆ, ಮತ್ತು ಆ ತಿರುಚುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 160 ಕಿ.ಮೀ.ಯಿಂದ 200 ಕಿ.ಮೀ.ಗೆ ಏರಿದರೆ ವೇಗ ಕಾಲು ಭಾಗ ಹೆಚ್ಚಿದಂತೆ, ತಿರುಚುವ ಬಲ ಮಾತ್ರ ಅರ್ಧಕ್ಕಿಂತ ಹೆಚ್ಚು ಏರುತ್ತದೆ. ವೇಗವಾಗಿ ಇಳಿಯುವಾಗ ರೆಕ್ಕೆಯ ಒಟ್ಟು ಎತ್ತುವ ಬಲ ಬಹುತೇಕ ಹಿಂದಿನ ಸ್ಪಾರ್ ಮೇಲೆ ಬೀಳುತ್ತದೆ. ಮುಂದಿನ ಸ್ಪಾರ್ ಹಗುರಾಗುತ್ತದೆ. ಆ ಹೊತ್ತಿಗೇ ಮೇಲಿನಿಂದ ಒಂದು ಗಾಳಿಯ ಹೊಡೆತ ಬಿದ್ದರೆ ಮುಂದಿನ ಸ್ಪಾರ್ ಕೆಳಮುಖವಾಗಿ ಒತ್ತಲ್ಪಡುತ್ತದೆ. ಆಗ ಹಿಂದಿನ ಸ್ಟ್ರಟ್ ಎಳೆತದಲ್ಲೇ ಇರುತ್ತದೆ, ಮುಂದಿನ ಸ್ಟ್ರಟ್ ಮಾತ್ರ ಒತ್ತಡಕ್ಕೆ ಸಿಕ್ಕುತ್ತದೆ. ಎಳೆಯುವ ಕೆಲಸಕ್ಕೆಂದು ತೆಳ್ಳಗೆ ಮಾಡಿದ ಕೊಳವೆ ಈಗ ಊರುಗೋಲಿನ ಕೆಲಸ ಮಾಡಬೇಕು. ಅದು ಬಾಗಿದರೆ ಮುಂದಿನ ಸ್ಪಾರ್‌ಗೆ ಆಸರೆ ತಪ್ಪುತ್ತದೆ, ರೆಕ್ಕೆಯ ಮೂಗು ಇನ್ನಷ್ಟು ಕೆಳಕ್ಕೆ ತಿರುಗುತ್ತದೆ, ಅದರಿಂದ ಕೆಳಮುಖದ ಬಲ ಇನ್ನೂ ಹೆಚ್ಚುತ್ತದೆ. ಮುಂದಿನದಕ್ಕೆಲ್ಲ ಒಂದೆರಡು ಸೆಕೆಂಡುಗಳೂ ಬೇಕಾಗುವುದಿಲ್ಲ.

ಇದನ್ನು ಬೋರ್ಡಿನ ಮೇಲೆ ಬಾಣ ಬರೆದು ವಿವರಿಸಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ಯಾರಿಗೂ ಮನಸ್ಸಿಗೆ ನಾಟುವುದಿಲ್ಲ. ಅದಕ್ಕಾಗಿ ಒಂದು ಪ್ರಯೋಗ ಮಾಡಿಕೊಂಡಿದ್ದೇನೆ. 6 ಮಿ.ಮೀ. ದಪ್ಪದ, ಒಂದು ಮೀಟರ್ ಉದ್ದದ ನೆಟ್ಟನೆಯ ಉಕ್ಕಿನ ಸರಳು ಒಂದು. ಎರಡು ಮರದ ತುಂಡುಗಳಲ್ಲಿ ಡ್ರಿಲ್ಲಿನಿಂದ ಕೊರೆದ ಸಣ್ಣ ಕುಳಿಗಳು. ಮನುಷ್ಯರ ತೂಕ ನೋಡುವ, ಮುಳ್ಳಿರುವ ತಕ್ಕಡಿಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಒಂದು ಮರದ ತುಂಡು, ಅದರ ಕುಳಿಯಲ್ಲಿ ಸರಳಿನ ಕೆಳತುದಿ, ಮೇಲ್ತುದಿಗೆ ಇನ್ನೊಂದು ಮರದ ತುಂಡು. ಒಬ್ಬ ವಿದ್ಯಾರ್ಥಿ ಅದರ ಮೇಲೆ ಎರಡೂ ಅಂಗೈ ಊರಿ ನಿಧಾನವಾಗಿ ಒತ್ತಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ. ಮುಳ್ಳು ಐದು ಕಿಲೋ ದಾಟುತ್ತದೆ, ಎಂಟು, ಹತ್ತು. ಹನ್ನೆರಡರ ಹತ್ತಿರ ಬರುತ್ತಿದ್ದಂತೆ ಸರಳು ಒಂದು ಬದಿಗೆ ಬಿಲ್ಲಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಬಿಲ್ಲು ದೊಡ್ಡದಾಗುತ್ತದೆ, ಮುಳ್ಳು ಮಾತ್ರ ಮೇಲೇರುವುದಿಲ್ಲ. ಕೈ ತೆಗೆದರೆ ಸರಳು ಮತ್ತೆ ನೆಟ್ಟಗಾಗುತ್ತದೆ, ಅಂದರೆ ಉಕ್ಕಿಗೆ ಏನೂ ಆಗಿಲ್ಲ. ಸೋತದ್ದು ಅದರ ಉದ್ದ. ಗಣಿತಜ್ಞ ಆಯ್ಲರ್ ಹದಿನೆಂಟನೇ ಶತಮಾನದಲ್ಲಿ ಕೊಟ್ಟ ಸೂತ್ರದಿಂದ ಲೆಕ್ಕ ಹಾಕಿದರೆ ಈ ಸರಳಿಗೆ ಸುಮಾರು 12.8 ಕಿಲೋ ಬರುತ್ತದೆ. ಅದೇ ಸರಳನ್ನು ಎಳೆದು ಹಿಗ್ಗಿಸಬೇಕಾದರೆ, ಸಾಧಾರಣ ಉಕ್ಕೇ ಆದರೂ, ಏಳುನೂರು ಕಿಲೋ ಮೀರಿದ ಬಲ ಬೇಕು. ಎಳೆದರೆ ಏಳುನೂರು, ಒತ್ತಿದರೆ ಹದಿಮೂರು: ಇವೆರಡು ಸಂಖ್ಯೆಗಳನ್ನು ಬೋರ್ಡಿನಲ್ಲಿ ಪಕ್ಕಪಕ್ಕದಲ್ಲಿ ಬರೆದಾಗ ಕೊಠಡಿಯಲ್ಲಿ ಮಾತು ನಿಲ್ಲುವುದನ್ನು ಪ್ರತಿ ತಂಡದಲ್ಲೂ ಕಂಡಿದ್ದೇನೆ. ಪೊರಕೆಯ ಕಡ್ಡಿಯನ್ನು ಎಳೆದು ತುಂಡರಿಸುವುದು ಕಷ್ಟ, ಎರಡು ತುದಿ ಹಿಡಿದು ಒತ್ತಿದರೆ ಮಗುವಿನ ಕೈಯಲ್ಲೂ ಬಾಗುತ್ತದೆ ಎಂದು ಆಮೇಲೆ ಅವರೇ ಹೇಳಿಕೊಳ್ಳುತ್ತಾರೆ.

ಪ್ರಯೋಗದ ಎರಡನೆಯ ಭಾಗ ಇನ್ನೂ ಮುಖ್ಯ. ಇನ್ನೊಬ್ಬ ವಿದ್ಯಾರ್ಥಿ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಸರಳಿನ ಸರಿಯಾದ ನಡುವಿನಲ್ಲಿ ಹೆಬ್ಬೆರಳು ಮತ್ತು ತೋರುಬೆರಳನ್ನು ಸುತ್ತ ಸೇರಿಸಿ, ಅದು ಪಕ್ಕಕ್ಕೆ ಸರಿಯದಂತೆ ಹಿಡಿಯಬೇಕು. ಮೇಲಿನಿಂದ ಮತ್ತೆ ಒತ್ತು. ಮುಳ್ಳು ಹನ್ನೆರಡನ್ನು ಆರಾಮವಾಗಿ ದಾಟಿ ಇಪ್ಪತ್ತು, ಮೂವತ್ತು, ನಲವತ್ತಕ್ಕೆ ಹೋಗುತ್ತದೆ. ಅಷ್ಟರಲ್ಲಿ ಒತ್ತುವವರ ತೋಳು ಸೋಲುತ್ತದೆ. ಬಾಗುವ ಉದ್ದ ಅರ್ಧವಾದರೆ ತಾಳುವ ಬಲ ನಾಲ್ಕು ಪಟ್ಟಾಗುತ್ತದೆ, ಅಂದರೆ ಸುಮಾರು 51 ಕಿಲೋ. ಆದರೆ ಲೆಕ್ಕಕ್ಕಿಂತ ದೊಡ್ಡ ಸಂಗತಿ, ನಡುವೆ ಹಿಡಿದವರ ಬೆರಳಿಗೆ ಗೊತ್ತಾಗುವ ಬಲ. ಅದು ತೀರ ಕಡಿಮೆ. "ಇಷ್ಟೇನಾ ಸಾರ್, ನಾನು ಹಿಡಿದೇ ಇಲ್ಲ ಅನ್ನಿಸ್ತು" ಎಂದು ಒಬ್ಬ ಹುಡುಗಿ ಹೇಳಿದ್ದು ನನಗೆ ನೆನಪಿದೆ. ಸರಳು ಬಾಗಲು ಶುರು ಮಾಡುವ ಮೊದಲೇ ಅದನ್ನು ನೆಟ್ಟಗೆ ನಿಲ್ಲಿಸಿದರೆ ಸಾಕು, ಬೆರಳ ತುದಿಯ ಬಲದಿಂದ ಮೂವತ್ತು ನಲವತ್ತು ಕಿಲೋ ಹೆಚ್ಚುವರಿ ಶಕ್ತಿ ಬರುತ್ತದೆ. ಬ್ರಿಟನ್ನಿನ ತಜ್ಞರು ಕೊನೆಗೆ ಪಸ್ ಮಾತ್‌ಗೆ ಸೂಚಿಸಿದ ಪರಿಹಾರದ ತಿರುಳು ಇದೇ.

ಆ ತನಿಖೆಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಅದನ್ನು ನಡೆಸಿದವರ ಬಗ್ಗೆ ನನಗೆ ಆಳವಾದ ಗೌರವವಿದೆ. ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರ ಮತ್ತು ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ಎರಡೂ ಆ ಕಾಲದಲ್ಲಿ ಅಪಘಾತಗಳ ತನಿಖೆಗೆ ನೆರವಾಗುತ್ತಿದ್ದವು. ರೆಕ್ಕೆಗಳು ಗಾಳಿಯ ವೇಗದಲ್ಲಿ ತಾವಾಗಿಯೇ ಅದುರತೊಡಗಿ, ಆ ಅದುರು ತಡೆಯಿಲ್ಲದೆ ಬೆಳೆದು ಮುರಿಯುವ ವಿದ್ಯಮಾನ, ನಾವು ಫ್ಲಟರ್ ಎನ್ನುವುದು, ಆಗಷ್ಟೇ ಗಣಿತದ ಹಿಡಿತಕ್ಕೆ ಸಿಗುತ್ತಿತ್ತು. ಟೆಡಿಂಗ್ಟನ್ನಿನ ಫ್ರೇಜರ್ ಮತ್ತು ಡಂಕನ್ ಇದರ ಮೇಲೆ ಮಾಡಿದ ಕೆಲಸ 1920ರ ದಶಕದ ಕೊನೆಯಲ್ಲಿ ಪ್ರಕಟವಾಗಿತ್ತು. 1930ರಲ್ಲಿ ಕೆಂಟ್‌ನ ಮೆಯೊಫಮ್ ಬಳಿ ಒಂದು ಜಂಕರ್ಸ್ ವಿಮಾನ ಗಾಳಿಯಲ್ಲೇ ಒಡೆದು ಆರು ಜನ ಸತ್ತಾಗ, ಬ್ರಿಟನ್ ಮೊದಲ ಬಾರಿಗೆ ಅಪಘಾತದ ತಾಂತ್ರಿಕ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿತ್ತು. ಪಸ್ ಮಾತ್ ವಿಷಯದಲ್ಲೂ ತಜ್ಞರು ಒಂದೇ ಅಪಘಾತಕ್ಕೆ ಅಂಟಿಕೊಳ್ಳದೆ, ಬೇರೆ ಬೇರೆ ಖಂಡಗಳಿಂದ ಬಂದ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒರಟು ಗಾಳಿಯಲ್ಲಿ, ಹೆಚ್ಚಿನ ವೇಗದಲ್ಲಿ, ರೆಕ್ಕೆಯನ್ನು ಹಿಡಿದಿರುವ ವ್ಯವಸ್ಥೆ ಸೋಲುತ್ತಿದೆ ಎಂಬಲ್ಲಿಗೆ ಬಂದು ನಿಂತರು. ಮುಂದಿನ ಸ್ಟ್ರಟ್‌ಗೆ ಹಿಂಬದಿಯಿಂದ ಆಸರೆ ಕೊಡುವ ಒಂದು ಸಣ್ಣ ಹೆಚ್ಚುವರಿ ಸ್ಟ್ರಟ್ ಅನ್ನು ಎಲ್ಲ ವಿಮಾನಗಳಿಗೂ ಹಾಕಲಾಯಿತು. ಉಳಿದುಕೊಂಡ ಪಸ್ ಮಾತ್‌ಗಳ ಚಿತ್ರಗಳಲ್ಲಿ ಅದನ್ನು ಇಂದಿಗೂ ನೋಡಬಹುದು. ಹುಡುಕದಿದ್ದರೆ ಕಣ್ಣಿಗೆ ಬೀಳುವುದೂ ಇಲ್ಲ, ಅಷ್ಟು ಸಣ್ಣದು.

ಪೈಲಟ್‌ಗಳ ಬಗ್ಗೆ ನನ್ನದೇ ಒಂದು ಅಭಿಪ್ರಾಯವಿದೆ. ತೆರೆದ ಕಾಕ್‌ಪಿಟ್‌ನ ವಿಮಾನದಲ್ಲಿ ವೇಗ ಏರಿದರೆ ಮುಖಕ್ಕೆ ಬಡಿಯುವ ಗಾಳಿ, ತಂತಿಗಳ ಕಿರುಚಾಟ ಕೂಡಲೇ ಎಚ್ಚರಿಸುತ್ತವೆ. ಎರಡು ರೆಕ್ಕೆಗಳ ನಡುವಿನ ಆ ತಂತಿ ಕಂಬಗಳೇ ವೇಗ ಬಹಳ ಏರದಂತೆ ತಡೆಯುತ್ತವೆ ಕೂಡ. ನುಣುಪಾದ ಒಂಟಿ ರೆಕ್ಕೆ, ಮುಚ್ಚಿದ ಕ್ಯಾಬಿನ್ ಇರುವ ಪಸ್ ಮಾತ್‌ನಲ್ಲಿ ಮೂಗು ಸ್ವಲ್ಪ ತಗ್ಗಿದರೂ ವೇಗ ತಾನಾಗಿ ಏರುತ್ತದೆ, ಒಳಗೆ ಕುಳಿತವರಿಗೆ ಅದು ಮೈಗೆ ಗೊತ್ತಾಗುವುದಿಲ್ಲ. ಮೋಡದೊಳಗೆ ಸಿಕ್ಕಿಕೊಂಡರಂತೂ ವೇಗದ ಮುಳ್ಳನ್ನು ನೋಡುತ್ತಲೇ ಇರಬೇಕು. ಹಳೆಯ ವಿಮಾನದಲ್ಲಿ ಕಲಿತ ಮೈಯ ಅಭ್ಯಾಸ ಹೊಸ ವಿಮಾನದಲ್ಲಿ ಕೆಲಸಕ್ಕೆ ಬರಲಿಲ್ಲ. ಇದನ್ನು ಸತ್ತವರ ತಪ್ಪೆಂದು ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಅವರ ಕೈಗೆ ಕೊಟ್ಟ ಯಂತ್ರ ಯಾವ ವೇಗದಲ್ಲಿ, ಎಂಥ ಗಾಳಿಯಲ್ಲಿ ಅಪಾಯಕಾರಿ ಎಂಬುದು ಅದನ್ನು ಮಾಡಿದವರಿಗೂ ಆಗ ಪೂರ್ತಿ ತಿಳಿದಿರಲಿಲ್ಲ.

ಪಾಠದಲ್ಲಿ ವಿದ್ಯಾರ್ಥಿಗಳು ಬೆಚ್ಚಿ ಕೂರುವ ಇನ್ನೊಂದು ಘಟ್ಟವಿದೆ. ಗೋಡೆಯ ಮೇಲಿನ ಹಾಳೆಯಲ್ಲಿ 1932ರ ಜುಲೈ 27 ಮತ್ತು ಸೆಪ್ಟೆಂಬರ್ 18ರ ಕೆಳಗೆ ನಾನು ಬೇರೆ ಬಣ್ಣದಲ್ಲಿ ಅಕ್ಟೋಬರ್ 15 ಎಂದು ಬರೆಯುತ್ತೇನೆ. ಅಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಬೊಂಬಾಯಿಯ ಜುಹುಗೆ ಟಪಾಲು ಹೊತ್ತು ಒಬ್ಬರೇ ಹಾರಿ ಬಂದರು. ಭಾರತದ ನಾಗರಿಕ ವಿಮಾನಯಾನದ ಆರಂಭವೆಂದು ನಾವು ಹೆಮ್ಮೆಯಿಂದ ಹೇಳುವ ದಿನ. ಅಲ್ಲಿಂದ ಟಪಾಲನ್ನು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಟಾಟಾ ಅವರು ಹಾರಿಸಿದ್ದು ಪಸ್ ಮಾತ್. ಆ ಸೇವೆ ಆರಂಭವಾದದ್ದೇ ಅಂಥ ಎರಡು ವಿಮಾನಗಳಿಂದ. ಲೆಸ್ ಹೋಲ್ಡನ್ ಸತ್ತು ಆಗಿನ್ನೂ ನಾಲ್ಕು ವಾರವೂ ತುಂಬಿರಲಿಲ್ಲ. ಪಾಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಓದಿದ ಆ ಟಪಾಲು ಹಾರಾಟದ ಮೇಲೆ ವಿದ್ಯಾರ್ಥಿಗಳಿಗೆ ಹೊಸ ಗೌರವ ಮೂಡುತ್ತದೆ. ದಖ್ಖನಿನ ಒಣ ಬಯಲಿನ ಮೇಲೆ ಮಧ್ಯಾಹ್ನದ ಬಿಸಿಗಾಳಿ ಸಣ್ಣ ವಿಮಾನವನ್ನು ಹೇಗೆ ಎತ್ತಿ ಕುಕ್ಕುತ್ತದೆ ಎಂಬುದು ಈ ಭಾಗದಲ್ಲಿ ಹಾರಿದ ಎಲ್ಲರಿಗೂ ಗೊತ್ತು.

ಈ ಪಾಠ ಕಟ್ಟಿದ ಮೇಲೆ ನನ್ನ ತಪಾಸಣೆಯ ಕ್ರಮ ಹೆಚ್ಚು ನಿಧಾನವಾಯಿತು. ಸ್ಟ್ರಟ್ ನೋಡುವುದೆಂದರೆ ಮೇಲ್ತುದಿಯ ಮತ್ತು ಕೆಳತುದಿಯ ಬೋಲ್ಟ್, ಫಿಟ್ಟಿಂಗ್, ಸ್ಪ್ಲಿಟ್ ಪಿನ್ ನೋಡುವುದು ಎಂಬುದು ರೂಢಿ. ಎಳೆತವನ್ನು ಮನಸ್ಸಿನಲ್ಲಿಟ್ಟುಕೊಂಡವರು ತುದಿಗಳನ್ನೇ ನೋಡುತ್ತಾರೆ. ಒತ್ತಡವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಡುಭಾಗವನ್ನು ನೋಡಬೇಕಾಗುತ್ತದೆ. ನಾನು ಮೊದಲು ಎರಡೂ ತುದಿಗೆ ಬಿಗಿಯಾಗಿ ನೂಲು ಎಳೆದು ಸ್ಟ್ರಟ್ ನೆಟ್ಟಗಿದೆಯೇ ಎಂದು ಮುಂದಿನಿಂದಲೂ ಪಕ್ಕದಿಂದಲೂ ನೋಡುತ್ತೇನೆ. ಆಮೇಲೆ ಕೈಗವಸು ತೆಗೆದು, ಬರಿಗೈಯನ್ನು ಕೊಳವೆಯ ಸುತ್ತ ಹಿಡಿದು ಕೆಳಗಿನಿಂದ ಮೇಲಕ್ಕೆ ಸವರುತ್ತೇನೆ. ಬಣ್ಣದ ಕೆಳಗೆ ಅಡಗಿದ ಸಣ್ಣ ತಗ್ಗು ಕಣ್ಣಿಗಿಂತ ಅಂಗೈಗೆ ಬೇಗ ತಿಳಿಯುತ್ತದೆ. ನಡುವಿನ ಆಸರೆಯ ಸಣ್ಣ ಸ್ಟ್ರಟ್ ಇರುವ ವಿಮಾನಗಳಲ್ಲಿ ಅದರ ಪಟ್ಟಿ ಸಡಿಲವಾಗಿದೆಯೇ, ಅದರ ಕೆಳಗೆ ದೊಡ್ಡ ಸ್ಟ್ರಟ್ ಸವೆದಿದೆಯೇ ಎಂದು ನೋಡುವುದು ಇನ್ನೊಂದು. ಸಡಿಲವಾದ ಆಸರೆ ಇದ್ದೂ ಇಲ್ಲದಂತೆ.

ಕೊಳವೆಯ ಒಳಗಿನ ತುಕ್ಕು ಬೇರೆಯೇ ಅಧ್ಯಾಯ. ಒಳಗೆ ಸೇರಿದ ತೇವ ಕೆಳತುದಿಗೆ ಇಳಿದು ಅಲ್ಲಿ ಉಕ್ಕನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಹೊಸದರಂತೆಯೇ ಇರುತ್ತದೆ. ಪೈಪರ್ ವಿಮಾನಗಳ ಸ್ಟ್ರಟ್‌ಗಳಿಗೆ ಇದೇ ಕಾರಣಕ್ಕೆ ಕಡ್ಡಾಯ ತಪಾಸಣೆಯ ಆದೇಶವಿದೆ. ಅಲ್ಟ್ರಾಸೌಂಡ್‌ನಿಂದ ಅಥವಾ ಗೊತ್ತುಪಡಿಸಿದ ಬಲದಿಂದ ಚುಚ್ಚಿ ಒತ್ತುವ ಉಪಕರಣದಿಂದ ಕೆಳಭಾಗವನ್ನು ಪರೀಕ್ಷಿಸಬೇಕು, ಒತ್ತಿದಲ್ಲಿ ತಗ್ಗು ಬಿದ್ದರೆ ಆ ಸ್ಟ್ರಟ್ ಮುಗಿಯಿತು. ಕೆಳತುದಿಯ ಕವಲನ್ನು ಬಿಚ್ಚಿ, ಅದರ ತಿರುಪಿನ ಮರೆಗಳಲ್ಲಿ ಬಿರುಕು ಇದೆಯೇ ಎಂದೂ ನೋಡಬೇಕು. ಎಲ್ಲವನ್ನೂ ಲಾಗ್‌ಬುಕ್ಕಿನಲ್ಲಿ, ಯಾವ ಬದಿಯ ಯಾವ ಸ್ಟ್ರಟ್ ಎಂಬ ವಿವರದೊಂದಿಗೆ ಬರೆಯಬೇಕು.

ಹ್ಯಾಂಗರಿನಲ್ಲಿ ವಿಮಾನ ತಳ್ಳುವಾಗ ಸ್ಟ್ರಟ್‌ನ ನಡುವೆ ಕೈಕೊಟ್ಟು ತಳ್ಳುವುದನ್ನು ನಾನು ಯಾರಿಗೂ ಬಿಡುವುದಿಲ್ಲ. ಹತ್ತಲು ಸುಲಭವೆಂದು ಅದರ ಮೇಲೆ ಕಾಲಿಡುವುದು, ಏಣಿಯನ್ನು ಅದಕ್ಕೆ ಒರಗಿಸುವುದು, ಇವೂ ಇಲ್ಲ. ಇಷ್ಟು ಕಟ್ಟುನಿಟ್ಟು ಏಕೆ ಎಂದು ಹೊಸಬರು ಕೇಳಿದಾಗ ತಕ್ಕಡಿಯ ಮೇಲಿನ ಸರಳನ್ನು ಮತ್ತೆ ತರಿಸಿ, ಅದರ ನಡುವಿಗೆ ಬೆರಳಿನಿಂದ ತುಸು ಪಕ್ಕಕ್ಕೆ ಒತ್ತಿ ಹಿಡಿದು ಪ್ರಯೋಗ ಮಾಡಿಸುತ್ತೇನೆ. ಆಗಲೇ ಸ್ವಲ್ಪ ಬಾಗಿರುವ ಸರಳು ಹನ್ನೆರಡು ಕಿಲೋವರೆಗೂ ಕಾಯುವುದಿಲ್ಲ. ಮೊದಲಿನಿಂದಲೇ ಬಗ್ಗುತ್ತ ಹೋಗುತ್ತದೆ. ಇತ್ತೀಚೆಗೆ ಒಂದು ತಂಡ ಈ ಮೂರೂ ಪ್ರಯೋಗಗಳ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಬರೆದು, ಅದರ ಪಕ್ಕದಲ್ಲಿ ಚರ್ಟ್‌ನಲ್ಲಿ ಸತ್ತ ಮೂವರ ಹೆಸರುಗಳನ್ನು ಸೇರಿಸಿ, ಸ್ಟ್ರಟ್ ತಪಾಸಣೆಯ ಹಾಳೆಗಳಿರುವ ಫೈಲಿನ ಮೊದಲ ಪುಟವಾಗಿ ಇಟ್ಟಿತು. ಈಗ ಸ್ಟ್ರಟ್ ಕೆಲಸಕ್ಕೆ ಕಾರ್ಡ್ ತೆಗೆಯುವ ಪ್ರತಿಯೊಬ್ಬರೂ ಆ ಪುಟವನ್ನು ದಾಟಿಯೇ ಮುಂದೆ ಹೋಗಬೇಕು.